ಒಲ್ಲೆ ಅನ್ನುವ ಹೊತ್ತು

ಆ ದಿನ ಹಾಸಿದ್ದ ಜಮಖಾನೆ ಕೆಂಪೋ ನೀಲಿಯೋ, ಚಹಾ ಮೊದಲೇ ಬಂದಿತ್ತೋ ಆಮೇಲೋ, ಈಗ ಖಚಿತವಿಲ್ಲ. ಕೆಲವನ್ನು ನಾನೇ ಸೇರಿಸಿಕೊಂಡಿರಬಹುದು. ಮಿಶ್ರಿಕೋಟಿಯ ಆ ಕೋಣೆಯಲ್ಲಿ ಅಷ್ಟೂ ಹೆಂಗಸರು ಒಮ್ಮೆಗೇ ಸುಮ್ಮನಾದದ್ದು ಮಾತ್ರ ನಿಜ.

ಮೈಸೂರು ಬಿಟ್ಟು ಕಲಘಟಗಿಗೆ ಬಂದದ್ದು ಮಹಿಳೆಯರೇ ನಡೆಸುವ ರೈತ ಕಂಪನಿಗಳಲ್ಲಿ ಮುಂದಾಳುಗಳನ್ನು ತಯಾರು ಮಾಡಲು. ಮೈಸೂರಿನಲ್ಲಿ ಮಹಿಳಾ ಮ್ಯಾನೇಜರುಗಳಿಗೆ ಹೇಳುತ್ತಿದ್ದುದನ್ನೇ ಇಲ್ಲೂ ಹೇಳಿದೆ: ಹುದ್ದೆ ಎದುರು ಬಂದಾಗ ಹಿಂಜರಿಯದೆ ಬೇಕು ಅನ್ನಿ. ಬಾಡಿಗೆ ಮನೆ ಸುಲಭವಾಗಿ ಸಿಕ್ಕಿತು. ಊಟದ್ದೇ ಕಷ್ಟ. ನಾನು ಸಾಕು ಅಂದರೆ ಮನೆಯೊಡತಿ ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ಅದರಿಂದಲಾದರೂ ನನಗೆ ತಿಳಿಯಬೇಕಿತ್ತು.

ಕಲಘಟಗಿ ಬಳಿಯ ಮಿಶ್ರಿಕೋಟಿಯ ಕಂಪನಿಗೆ ನೀಲವ್ವ ಅಧ್ಯಕ್ಷೆಯಾಗುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಭತ್ತದ ವ್ಯಾಪಾರಿಗಳೊಡನೆ ಮಾತಾಡುವವಳು ಅವಳೇ. ಹಿರಿಯ ಸದಸ್ಯೆ ಶಾಂತಕ್ಕ ಎಲ್ಲರೆದುರು ಕೇಳಿದರು: "ನೀಲವ್ವಾ, ನೀ ಆಗ್ತೀಯೇನವಾ?"

"ಹೂಂನ್ರಿ, ಆಗ್ತೀನ್ರಿ," ಅಂದಳು, ನಾನು ಅಭ್ಯಾಸ ಮಾಡಿಸಿದಂತೆಯೇ, ತಲೆಯೆತ್ತಿ.

ಆಗಲೇ ಆ ಮೌನ. ಆಮೇಲೆ ಯಾರೋ ಶಾಂತಕ್ಕನ ಹೆಸರು ಹೇಳಿದರು. ಅವರು ನನಗ್ಯಾಕೆ, ಬ್ಯಾಡ ಅಂದರು. ಉಳಿದವರು ಕೈ ಹಿಡಿದು ಕೇಳಿದರು, ಅವರು ಮತ್ತೆ ಬ್ಯಾಡ ಅಂದರು. ಕೊನೆಗೆ ಒಪ್ಪಿದರು. ಕೋಣೆಗೆ ಮಾತು ಮರಳಿತು.

ಬಸ್ಸಿಗೆ ಬಿಡಲು ಬಂದ ನೀಲವ್ವ ಅಂದಳು: "ಅಕ್ಕೋರ, ನಮ್ಮಲ್ಲಿ ಒಂದೆರಡು ಸಲ ಒಲ್ಲೆ ಅನಬೇಕ್ರಿ. ನನಗ ಗೊತ್ತಿತ್ತು. ನೀವು ಕಲತಾಕಿ, ನಿಮ್ಮದಽ ಖರೇ ಇರಬೇಕು ಅನ್ಕೊಂಡೆ. ಮುಂದಿನ ಸಲ ಏನ ಅನ್ಲಿರಿ?"

ಬಸ್ಸು ಬಂತು. ನಾನು ಹತ್ತಿಬಿಟ್ಟೆ.

ಕಳೆದ ವಾರ ನಮ್ಮ ಸಂಸ್ಥೆಯ ಬೆಂಗಳೂರಿನ ಕಚೇರಿಯಿಂದ ಫೋನ್. ಇಡೀ ರಾಜ್ಯದ ತಂಡಕ್ಕೆ ಮುಖ್ಯಸ್ಥೆಯಾಗುತ್ತೀರಾ ಎಂದರು. ನನಗೆ ಬೇಕಿತ್ತು. ಅಯ್ಯೋ, ನನಗ್ಯಾಕೆ ಸರ್, ಬೇಡ ಅಂದೆ. ಅಂದು, ಇನ್ನೊಮ್ಮೆ ಕೇಳಲಿ ಎಂದು ಫೋನನ್ನು ಕಿವಿಗೊತ್ತಿಕೊಂಡು ನಿಂತೆ. ಸರಿ, ನಿಮ್ಮಿಷ್ಟ ಎಂದು ಇಟ್ಟುಬಿಟ್ಟರು.

ಇದನ್ನು ಇಲ್ಲಿ ಕಲಿತೆನೋ, ಮೈಸೂರಿನಿಂದಲೇ ಹೊತ್ತು ತಂದಿದ್ದೆನೋ ತಿಳಿಯುತ್ತಿಲ್ಲ. ಮೈಸೂರಿನಲ್ಲಿರುವ ನನ್ನ ದೊಡ್ಡಮ್ಮ ಸಹಶಿಕ್ಷಕಿಯಾಗಿಯೇ ನಿವೃತ್ತರಾದವರು. ಮುಖ್ಯೋಪಾಧ್ಯಾಯಿನಿ ಹುದ್ದೆಯನ್ನು ಅವರೇ ಬೇಡ ಅಂದರಂತೆ. ಮನೆಯಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುವ ಮಾತಿದು. ಮೊನ್ನೆ ಅವರಿಗೆ ಫೋನ್ ಮಾಡಿದೆ. ಒಲೆಯ ಮೇಲೆ ಹಾಲಿದೆ, ಆಮೇಲೆ ಮಾಡ್ತೀನಿ ಎಂದವರು ಇನ್ನೂ ಮಾಡಿಲ್ಲ. ನಾನು ಕೇಳಿದ್ದು ಇಷ್ಟೇ:

"ದೊಡ್ಡಮ್ಮ, ಅವತ್ತು ಬೇಡ ಅಂದ್ಮೇಲೆ, ಇನ್ನೊಂದ್ಸಲ ಕೇಳ್ತಾರೆ ಅಂತ ಕಾಯ್ತಿದ್ರಾ?"