ಹಿನ್ನೀರಿನ ದಂಡೆಯ ಕುದುರೆ

ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂತು ನನ್ನ ಅರ್ಧ ಆಯುಷ್ಯ ಕಳೆದಿದೆ. ಆ ಕಿಟಕಿಗೆ ಚೆನ್ನಾಗಿರುವವರು ಬರುವುದಿಲ್ಲ. ಬೈಕಿನಿಂದ ಬಿದ್ದವರು, ಎತ್ತಿನಿಂದ ಹಾಯಿಸಿಕೊಂಡವರು, ಮಾಳಿಗೆಯಿಂದ ಕಾಲು ಜಾರಿದವರು, ಇಂಥವರೇ ಬರುತ್ತಾರೆ. ಹೀಗಾಗಿ ಈ ಲೋಕವೆಂದರೆ ಮನುಷ್ಯರು ಬೀಳುವ ಜಾಗ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಮಗಳಿಗೆ ಸೈಕಲ್ ಕೊಡಿಸಲು ಸತಾಯಿಸಿದೆ, ಕೊಡಿಸಿದ ಮೇಲೆ ಓಣಿ ತುಂಬ ಅವಳ ಹಿಂದೆ ಓಡಿದೆ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ನಕ್ಕರು. ನಗಲಿ, ಅವರ ಮಕ್ಕಳ ಮಂಡಿಗೂ ಮುಲಾಮು ಕೊಡುವವಳು ನಾನೇ.

ನಮ್ಮ ಮನೆಯವರದು ಬೇರೆಯೇ ಧಾತು. ಬನಹಟ್ಟಿಯಲ್ಲಿ ಮಗ್ಗಗಳ ಸದ್ದಿನ ನಡುವೆ ಹುಟ್ಟಿ ಬೆಳೆದವರು. ಎದುರಿಗೆ ಕೂತವರೊಂದಿಗೂ ಕೂಗಿಯೇ ಮಾತು. ಹೆದರಿಕೆ ಎನ್ನುವುದು ಮೆಲ್ಲಗೆ ಮಾತಾಡುತ್ತದಲ್ಲ, ಅದಕ್ಕೇ ನಿಮಗೆ ಕೇಳಿಸುವುದಿಲ್ಲ ಅಂತ ನಾನು ಆಗಾಗ ಚುಚ್ಚುತ್ತಿರುತ್ತೇನೆ. ಅವರು ಅದಕ್ಕೂ ಜೋರಾಗಿ ನಗುತ್ತಾರೆ.

ಮೂರು ಬೇಸಿಗೆಯ ಹಿಂದಿನ ಮಾತು. ಮಗಳಿಗೆ ಆಗ ಹತ್ತು ವರ್ಷ. ಅವಳ ಗೆಳತಿ ರಜೆಯಲ್ಲಿ ಗೋವಾಕ್ಕೆ ಹೋಗಿ ಸಮುದ್ರದ ದಂಡೆಯಲ್ಲಿ ಕುದುರೆ ಹತ್ತಿ ಫೋಟೊ ತೆಗೆಸಿಕೊಂಡು ಬಂದಿದ್ದೇ ತಡ, ಮನೆಯಲ್ಲಿ ಕುದುರೆಯದೇ ಜಪ ಶುರುವಾಯಿತು. ಗೋವಾ ದೂರ, ಬೀಳಗಿ ಹತ್ತಿರ. ಬೇಸಿಗೆಯಲ್ಲಿ ಕೃಷ್ಣೆಯ ಹಿನ್ನೀರು ಹಿಂದೆ ಸರಿದಾಗ ಅಲ್ಲಿ ದೊಡ್ಡ ಬಯಲು ತೆರೆದುಕೊಳ್ಳುತ್ತದೆ. ಮುಂದೆ ಆಚೆ ದಂಡೆ ಕಾಣದಷ್ಟು ನೀರು, ಈಚೆ ನುಣ್ಣಗಿನ ನೆಲ. ಹುಡುಗರು ಅದಕ್ಕೆ ಬೀಚು ಅಂತ ಹೆಸರಿಟ್ಟು, ವಿಡಿಯೊ ಮಾಡಿ ಹಾಕಿ, ಬಾಗಲಕೋಟೆ ವಿಜಯಪುರದ ಜನರನ್ನೂ ಎಳೆದು ತಂದಿದ್ದರು. ಜನ ಬಂದಲ್ಲಿ ಮಿರ್ಚಿ ಬಂಡಿ ಬಂತು, ಕಬ್ಬಿನ ಹಾಲಿನ ಗಾಣ ಬಂತು. ಆ ವರ್ಷ ಒಂದು ಕುದುರೆಯೂ ಬಂದಿತ್ತು.

ಬಿಳಿ ಕುದುರೆ. ಕೊರಳಿಗೆ ಗೆಜ್ಜೆಸರ, ಹಣೆಗೆ ಕೆಂಪು ಗೊಂಡೆ. ಅದರ ಮಾಲೀಕ ತಲೆಗೆ ಟವೆಲ್ ಸುತ್ತಿಕೊಂಡ ನಡುವಯಸ್ಸಿನ ಮನುಷ್ಯ. ಪ್ರವಾಸಿಗಳನ್ನು ಕೂರಿಸಿ, ತಾನು ಹಗ್ಗ ಹಿಡಿದು ಮುಂದೆ ನಡೆದು, ದೂರದ ಜಾಲಿ ಕಂಟಿಗಳವರೆಗೆ ಹೋಗಿ ತಿರುಗಿ ಕರೆತರುತ್ತಿದ್ದ. ನಾನು ಅವನನ್ನು ಸುಮ್ಮನೆ ಬಿಡಲಿಲ್ಲ.

"ಒದಿತೈತೇನ್ರಿ?"

"ಇಲ್ರಿ ಅಕ್ಕಾರ. ಭಾಳ ಗರೀಬ ಐತಿ."

"ಕಚ್ಚತೈತೇನು?"

"ಹುಲ್ಲು ಬಿಟ್ಟು ಏನೂ ಕಚ್ಚಂಗಿಲ್ರಿ."

"ಸಪ್ಪಳಕ್ಕ ಬೆದರಿ ಓಡಿದ್ರ?"

"ಮದಿವಿ ಮೆರವಣಿಗಿ ಕುದುರಿ ಐತ್ರಿ ಇದು. ಡಾಲ್ಬಿ ಹಚ್ಚಿದ್ರೂ ಕಣ್ಣು ಪಿಳುಕ್ ಅನ್ನಂಗಿಲ್ಲ."

ಕುದುರೆಯ ಕುತ್ತಿಗೆಯ ಬುಡದಲ್ಲಿ ಅಂಗೈಯಗಲ ಕೂದಲು ಉದುರಿ ಚರ್ಮ ಗಟ್ಟಿಯಾಗಿತ್ತು. ಅದು ಹುಳುಕಡ್ಡಿಯೇ ಇರಬೇಕು, ಮಗಳಿಗೆ ಅಂಟಿದರೆ ಗತಿಯೇನು ಅಂತ ಅದನ್ನೂ ಕೇಳಿದೆ. ಹಳೆಯ ಗಾಯ, ವಾಸಿಯಾಗಿದೆ ಅಂದ. ಜಾಲಿ ಕಂಟಿಯ ಆಚೆಗೆ ಯಾಕೆ ಹೋಗುವುದಿಲ್ಲ ಅಂತಲೂ ಕೇಳಿದೆ.

"ಅಲ್ಲಿ ಮ್ಯಾಲ ಒಣಗಿದಂಗ ಕಾಣತೈತ್ರಿ, ಒಳಗ ರಾಡಿ. ಮೊನ್ನಿ ಒಂದು ಎಮ್ಮಿ ಹೊಟ್ಟಿಮಟಾ ಹುಗದಿತ್ತು. ನಾ ಅತ್ತಾಗ ಹೋಗಂಗಿಲ್ಲ."

ಅಷ್ಟು ಹೊತ್ತಿಗೆ ಮಗಳು ಕುದುರೆಯ ಮೇಲಿದ್ದಳು. ಅವರಪ್ಪ ಎತ್ತಿ ಕೂರಿಸಿಬಿಟ್ಟಿದ್ದರು. "ಕುದುರಿ ಏನ್ ಹುಲಿ ಐತೇನ? ಒಂದು ಸುತ್ತ ಹಾಕಿ ಬರ್ಲಿ ಬಿಡ," ಅಂದರು. ಮಗಳ ಮುಖ ನೋಡಿದೆ. ಅಷ್ಟೊಂದು ಸಂತೋಷದಲ್ಲಿದ್ದವಳನ್ನು ಕೆಳಗಿಳಿಸುವುದು ನನ್ನಿಂದಲೂ ಆಗಲಿಲ್ಲ. ಆದರೆ ಕಣ್ಣಳತೆಯಲ್ಲಿ ಇರಬೇಕು ಅಂತ ಹಟ ಹಿಡಿದೆ. ಅವರಿಗೂ ವಿಡಿಯೊ ಬೇಕಿತ್ತು. ನಾನು ಫೋನು ಹಿಡಿದು, ನಾವು ಬಂದಿದ್ದ ಬೈಕಿನ ಹಿಂದೆ ಕೂತೆ. ಅವರು ಕುದುರೆಯ ಹಿಂದೆ ನಿಧಾನವಾಗಿ ಬೈಕು ಬಿಟ್ಟರು.

ಜಾಲಿ ಕಂಟಿಗಳು ಇನ್ನೂ ಸಾಕಷ್ಟು ದೂರವಿದ್ದವು. ಮಗಳ ಬೆನ್ನು ಮಾತ್ರ ಕಾಣುತ್ತದೆ, ಮುಖ ಬರಲಿ ಅಂತ ಅವರು ಬೈಕನ್ನು ಕುದುರೆಯ ಬದಿಗೆ ತಂದರು. "ಇತ್ಲಾಗ ನೋಡ ಬಾಳಾ," ಅಂತ ತಮ್ಮ ಮಗ್ಗದ ದನಿಯಲ್ಲಿ ಕೂಗಿ, ಅದೂ ಸಾಲದೆಂದು ಹಾರ್ನು ಒತ್ತಿದರು.

ಕುದುರೆ ಬೆದರಲಿಲ್ಲ. ಬೆದರಿದ ಪ್ರಾಣಿ ಅತ್ತಿತ್ತ ಹಾರುತ್ತದೆ, ಹಿಂಗಾಲ ಮೇಲೆ ಏಳುತ್ತದೆ. ಇದು ಕಿವಿಯನ್ನು ಹಿಂದಕ್ಕೆ ಮಲಗಿಸಿ, ಕುತ್ತಿಗೆ ಚಾಚಿ, ನೆಟ್ಟಗೆ ಓಡಿತು. ಹಗ್ಗ ಹಿಡಿದಿದ್ದ ಮನುಷ್ಯ ಒಂದಿಷ್ಟು ದೂರ ಎಳೆದಾಡಿಸಿಕೊಂಡು ಬೋರಲು ಬಿದ್ದ. ಮಗಳು "ಅವ್ವಾ" ಅಂದಳು. ಒಂದೇ ಸಲ. ಆಮೇಲೆ ಗೆಜ್ಜೆಯ ಸದ್ದು ಮಾತ್ರ ಕೇಳಿಸಿತು.

ಆ ಕ್ಷಣ ನನ್ನೊಳಗೆ ಏನಾಯಿತು ಅಂತ ಹೇಳಲು ಇಷ್ಟು ವರ್ಷ ಯೋಚಿಸಿದ್ದೇನೆ. ದಿನಾಲೂ ಸಣ್ಣ ಸಣ್ಣದಕ್ಕೆ ಹೆದರಿ ಹೆದರಿ ನನಗೆ ಹೆದರಿಕೆಯ ಪರಿಚಯವಿದೆ ಅಂದುಕೊಂಡಿದ್ದೆ. ಇರಲಿಲ್ಲ. ಫೋನು ಎಲ್ಲಿ ಬಿತ್ತೋ ಗೊತ್ತಿಲ್ಲ. ಎರಡೂ ಕೈಯಿಂದ ಅವರ ಅಂಗಿ ಹಿಡಿದು, "ಬಿಡ್ರಿ, ಜೋರ್ ಬಿಡ್ರಿ," ಅಂತ ಅರಚಿದೆ.

ಅವರು ಬಿಟ್ಟರು. ಬೈಕು ಸಮೀಪ ಹೋದಾಗಲೆಲ್ಲ ಕುದುರೆ ಇನ್ನಷ್ಟು ಮುಂದಕ್ಕೆ ಹಾರುತ್ತಿತ್ತು. ಮಗಳು ಜೀನಿನ ಮುಂದೆ ಬಾಗಿ ಕುದುರೆಯ ಕುತ್ತಿಗೆಯ ಕೂದಲು ಹಿಡಿದಿದ್ದಳು. ಅವಳ ಎರಡು ಜಡೆ ಬೆನ್ನಿನ ಮೇಲೆ ಕುಣಿಯುತ್ತಿದ್ದವು. ಅವಳು ಬಿದ್ದರೆ ಹೇಗೆ ಬೀಳುತ್ತಾಳೆ, ಮೊದಲು ಭುಜವೋ, ತಲೆಯೋ ಅಂತ ನನ್ನ ಹಾಳು ತಲೆ ಲೆಕ್ಕ ಹಾಕತೊಡಗಿತ್ತು. ಆಸ್ಪತ್ರೆಯಲ್ಲಿ ಕಂಡ ಮುಖಗಳೆಲ್ಲ ಸಾಲಾಗಿ ಬಂದವು. ಮುಂದೆ ಜಾಲಿ ಕಂಟಿ, ಅದರಾಚೆ ಎಮ್ಮೆ ಹುಗಿದ ರಾಡಿ. ಕುದುರೆ ಅಲ್ಲಿಗೇ ಹೊರಟಿತ್ತು.

ನಡುವೆ ಒಂದು ಕಡೆ ಉಸುಕು ಸಡಿಲಾಗಿ ನಮ್ಮ ಬೈಕಿನ ಗಾಲಿ ವಾಲಾಡಿತು. ಅವರು ಕಾಲು ಊರಿ ಸಾವರಿಸಿಕೊಳ್ಳುವಷ್ಟರಲ್ಲಿ ನಾವು ಹಿಂದೆ ಬಿದ್ದೆವು. ಆಗ ಕುದುರೆಯ ಕಿವಿಗಳು ಎದ್ದವು. ಹೆಜ್ಜೆ ಸಡಿಲಾದಂತೆ ಕಂಡಿತು. ಅವರು ಮತ್ತೆ ಎಕ್ಸಲರೇಟರ್ ತಿರುವಿದ್ದೇ, ಕಿವಿ ಮಲಗಿದವು, ಕುದುರೆ ಮತ್ತೆ ಚಿಮ್ಮಿತು.

ನನ್ನ ತವರು ರನ್ನ ಬೆಳಗಲಿ. ಆ ಕಡೆಯ ಊರುಗಳಲ್ಲಿ ಗಾಡಿ ಶರ್ಯತ್ತು, ಅಂದರೆ ಓಟದ ಪಂದ್ಯ, ನೋಡುತ್ತಲೇ ನಾನು ದೊಡ್ಡವಳಾದದ್ದು. ಹಗುರಾದ ಗಾಡಿ, ನೊಗಕ್ಕೆ ಒಂದು ಕಡೆ ಎತ್ತು, ಇನ್ನೊಂದು ಕಡೆ ಕುದುರೆ. ಹಿಂದೆ, ಬದಿಗೆ ಬೈಕುಗಳ ಹಿಂಡು. ಹಾರ್ನು, ಸೀಟಿ, ಕೂಗು. ಅದೆಲ್ಲ ಮಂದಿಯ ಉಮೇದಿಗಲ್ಲ, ಕುದುರೆಗೆ. ಬೈಕು ಬದಿಗೆ ಬಂತೆಂದರೆ ಓಡಬೇಕು, ಬೈಕು ಹಿಂದೆ ಬೀಳುವವರೆಗೂ ಓಡಬೇಕು ಅಂತ ಅದಕ್ಕೆ ಕಲಿಸಿರುತ್ತಾರೆ. ಕುತ್ತಿಗೆಯ ಬುಡದಲ್ಲಿದ್ದದ್ದು ಹುಳುಕಡ್ಡಿಯಲ್ಲ, ನೊಗ ಉಜ್ಜಿದ ಕಲೆ. ನಾವು ಮಗಳನ್ನು ಉಳಿಸಲು ಬೆನ್ನಟ್ಟುತ್ತಿರಲಿಲ್ಲ. ನಾವೇ ಓಡಿಸುತ್ತಿದ್ದೆವು.

"ನಿಲ್ಲಸ್ರಿ," ಅಂದೆ.

"ಏನು?"

"ಗಾಡಿ ನಿಲ್ಲಸ್ರಿ. ಶರ್ಯತ್ತಿನ ಕುದುರಿ ಐತ್ರಿ ಅದು. ನಾವು ಬಂದಷ್ಟೂ ಓಡತೈತಿ."

"ಹುಚ್ಚಿ ಏನ ನೀ? ಮುಂದ ರಾಡಿ ಐತಿ. ದಾಟಿ ಹೋಗಿ ಅಡ್ಡ ಹಾಕತೇನಿ. ಸುಮ್ಮ ಕುಂಡ್ರು."

ಅವರು ಹೇಳಿದ್ದೂ ತಪ್ಪಲ್ಲ. ಅಪ್ಪನಾದವನು ಮತ್ತೇನು ಮಾಡಿಯಾನು? ಮಗಳು ಮುಂದೆ ಹೋಗುತ್ತಿರುವಾಗ ಗಾಡಿ ನಿಲ್ಲಿಸು ಅನ್ನುವ ತಾಯಿಯನ್ನು ಯಾರು ನಂಬುತ್ತಾರೆ? ನನಗೇ ನನ್ನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಆ ಕುದುರೆಗೆ ಹಳೆಯದು ನೆನಪಾಗಿದೆ ಅನ್ನುವುದು ನನ್ನ ಊಹೆ. ನಾವು ನಿಂತ ಮೇಲೂ ಅದು ಓಡುತ್ತಲೇ ಹೋದರೆ, ನಮ್ಮ ಕೈಗೆ ಸಿಗದಷ್ಟು ದೂರ ಹೋಗಿ ಆ ರಾಡಿಗೆ ಬಿದ್ದರೆ, ನಿಲ್ಲಿಸಿದವಳು ನಾನೇ ಆಗುತ್ತಿದ್ದೆ. ಆಮೇಲೆ ಆ ಮನೆಯಲ್ಲಿ ನಾನು ಹೇಗೆ ಬದುಕುವುದು?

ಅವರ ಬಗಲಿನ ಕೆಳಗಿಂದ ಕೈ ತೂರಿಸಿ ಕೀಲಿ ತಿರುವಿದೆ.

ಎಂಜಿನ್ ಸತ್ತಿತು. ಬೈಕು ಮುಗ್ಗರಿಸಿ, ಅಡ್ಡ ತಿರುಗಿ, ಇಬ್ಬರೂ ಒಂದು ಮಗ್ಗುಲಿಗೆ ಉರುಳಿದೆವು. ಅವರು ಎದ್ದವರೇ ಕೀಲಿಗೆ ಕೈ ಹಾಕಿದರು. ನಾನು ಅದನ್ನು ಕಿತ್ತುಕೊಂಡು ಮುಷ್ಟಿಯಲ್ಲಿ ಹಿಡಿದಿದ್ದೆ. ಅವರು ನನ್ನ ಮುಷ್ಟಿ ಬಿಡಿಸಲು ನೋಡಿದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವರು ನನ್ನ ಮೇಲೆ ಬಲ ಹಾಕಿದ್ದು ಅದೊಂದೇ ಸಲ. ನಾನು ಕೊಡಲಿಲ್ಲ.

ಕುದುರೆ ನಿಲ್ಲಲಿಲ್ಲ.

ಅದು ಓಡುತ್ತಲೇ ಇತ್ತು. ಮಗಳು ಒಮ್ಮೆ ತಿರುಗಿ ನೋಡಿದಳು. ಅಷ್ಟು ದೂರದಿಂದ ಮುಖ ಕಾಣಿಸಲಿಲ್ಲ, ತಿರುಗಿದ್ದು ಮಾತ್ರ ಕಾಣಿಸಿತು. ಆಮೇಲೆ ಕುದುರೆ ಜಾಲಿ ಕಂಟಿಗಳ ಹಿಂದೆ ಮರೆಯಾಯಿತು. ಗೆಜ್ಜೆಯ ಸದ್ದೂ ನಿಂತಿತು.

ನಮ್ಮ ಮನೆಯವರು ಬೈಕು ಅಲ್ಲೇ ಬಿಟ್ಟು ಓಡಲು ಹೊರಟರು. ಎರಡು ಹೆಜ್ಜೆ ಇಟ್ಟು ತಿರುಗಿ ನನ್ನನ್ನು ನೋಡಿದರು. ಮಾತೆಂದರೆ ಕೂಗು ಎನ್ನುವ ಆ ಮನುಷ್ಯ ಸದ್ದಿಲ್ಲದೆ ನೋಡಿದ್ದು ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ನಾನು ಅಲ್ಲೇ ಕೂತುಬಿಟ್ಟೆ. ಮುಗಿಯಿತು, ನಾನೇ ಮುಗಿಸಿದೆ ಅಂತ ಅಂದುಕೊಂಡೆ.

ಕಂಟಿಗಳ ಇನ್ನೊಂದು ತುದಿಯಿಂದ ಬಿಳಿಯದೊಂದು ಹೊರಗೆ ಬಂತು. ಕುದುರೆ. ನಡೆಯುತ್ತಿತ್ತು. ಬೆನ್ನ ಮೇಲೆ ಯಾರೂ ಕಾಣಲಿಲ್ಲ. ಕುದುರೆ ಮಗ್ಗುಲು ತಿರುಗಿದಾಗ ಹಸಿರು ಫ್ರಾಕಿನ ಅಂಚು, ಅದರ ಕೆಳಗೆ ಒಂದು ಕಾಲು ಕಂಡಿತು. ಮಗಳು ಕುದುರೆಯ ಕುತ್ತಿಗೆಗೆ ಬಿಗಿಯಾಗಿ ಅಂಟಿ ಮಲಗಿದ್ದಳು.

ಅವರಪ್ಪ ಹೋಗಿ ಎತ್ತಿಕೊಂಡು ಬಂದರು. ಮೊಣಕೈ ತರಚಿದ ಕುದುರೆಯವನೂ ಏದುಸಿರು ಬಿಡುತ್ತ ಓಡಿ ಬಂದ.

"ಮದಿವಿ ಕುದುರಿ ಅಂದಿದ್ದೆಲ್ಲೋ?" ಅಂದರು ಇವರು. ದನಿಯೇ ಏಳಲಿಲ್ಲ.

"ಮದಿವಿಗೂ ಹೋಗತೈತ್ರಿ ಸರ. ಮೊದಲ ಶರ್ಯತ್ತಿನ್ಯಾಗ ಇತ್ರಿ. ಬಿಟ್ಟು ಭಾಳ ದಿನ ಆತು. ಮರತಿರತೈತಿ ಅಂದ್ಕೊಂಡಿದ್ನಿ." ಅವನನ್ನು ಬಿಟ್ಟು ನಾನು ಮಗಳ ಕಡೆ ತಿರುಗಿದೆ.

ಮಗಳ ಕೈಕಾಲು ಮುಟ್ಟಿ ಮುಟ್ಟಿ ನೋಡಿದೆ. ಎಲ್ಲ ನೆಟ್ಟಗಿದ್ದವು. ಅಂಗೈಯಲ್ಲಿ ಕುದುರೆಯ ಬಿಳಿ ಕೂದಲು ಸುತ್ತಿಕೊಂಡಿದ್ದವು, ಅಷ್ಟೆ. ಅವಳು ಅಳಲಿಲ್ಲ. ನಾನು ಮುಟ್ಟಲು ಬಿಟ್ಟಳು, ಆದರೆ ನನ್ನ ಮುಖ ನೋಡಲಿಲ್ಲ. ನೀರು ಕೊಟ್ಟೆ. ಒಂದು ಗುಟುಕು ಕುಡಿದು ಬಾಟಲಿ ತಿರುಗಿ ಕೊಟ್ಟಳು.

"ನಾ ಹೊಳ್ಳಿ ನೋಡಿದ್ನಿ," ಅಂದಳು. "ನೀವು ನಿಂತಿದ್ರಿ."

ನಾನು ಹೇಳಿದೆ. ಶರ್ಯತ್ತು, ಬೈಕು, ನೊಗದ ಕಲೆ, ಎಲ್ಲ. ಬೈಕು ನಿಂತಿತು, ಅದಕ್ಕೇ ಕುದುರೆ ತಾನಾಗಿ ನಿಂತಿತು ಅಂದೆ. ಅವಳು ಬುದ್ಧಿವಂತೆ, ಎಲ್ಲ ಅರ್ಥವಾದಂತೆ ತಲೆ ಆಡಿಸಿದಳು.

"ನಾನೂ ಕೂಡೇ ನಿಲ್ಲಿಸಿದ್ನಿ," ಅಂದರು ಅವರಪ್ಪ. ಅದು ಸುಳ್ಳು. ನನ್ನೊಬ್ಬಳ ತಲೆಗೆ ಅದು ಬರಬಾರದು ಅಂತ ಹೇಳಿದ ಸುಳ್ಳು. ಅವರ ಮೇಲೆ ನನಗೆ ಆಗ ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಮಗಳು ಅವರ ಮಾತು ಕೇಳಿಸಿಕೊಳ್ಳದವಳಂತೆ ನನ್ನನ್ನೇ ಕೇಳಿದಳು. "ಅವ್ವಾ, ಅದು ನಿಲ್ಲತೈತಿ ಅಂತ ನಿನಗ ಖಾತ್ರಿ ಇತ್ತೇನು?"

ಹೌದು ಅಂದಿದ್ದರೆ ಆಗುತ್ತಿತ್ತು. ಕಿಟಕಿಯ ಹಿಂದೆ ಕೂತು ದಿನಕ್ಕೆ ಎಷ್ಟೋ ಸಲ ಅನ್ನುತ್ತೇನೆ, ಇದು ತಗೊಂಡ್ರ ಆರಾಮ ಆಗತೈತ್ರಿ ಅಂತ. ಅವಳ ಕಣ್ಣು ನನ್ನ ಮುಖದ ಮೇಲೇ ಇತ್ತು.

"ಇರಲಿಲ್ಲ," ಅಂದೆ.

"ಇನ್ನೊಮ್ಮಿ ಹಂಗಾದ್ರ?"

ಬೇರೆ ಯಾವ ಉತ್ತರವೂ ಖರೆ ಆಗುತ್ತಿರಲಿಲ್ಲ.

"ಆಗೂ ನಿಲ್ಲತೇನಿ," ಅಂದೆ.

ಆಗ ಅವಳು ಅತ್ತಳು. ಕುದುರೆಯ ಮೇಲೆ ಅಳದವಳು, ಇಳಿದ ಮೇಲೂ ಅಳದವಳು, ಬಿಕ್ಕಿ ಬಿಕ್ಕಿ ಅತ್ತಳು. ನಾನು ಕೈ ಚಾಚಿದೆ. ಅವಳು ಅವರಪ್ಪನ ಕಡೆ ಹೊರಳಿ ಅವರ ಹೆಗಲಲ್ಲಿ ಮುಖ ಹುದುಗಿಸಿಕೊಂಡಳು. ನಾನು ಬಾಟಲಿಯ ಮುಚ್ಚಳ ಹಾಕಿ, ಅವಳ ಅಳು ಮುಗಿಯುವವರೆಗೆ ಪಕ್ಕದಲ್ಲಿ ಕೂತಿದ್ದೆ.