ಅಕ್ಕ ಕಲಿತ ಡೆಡ್‌ಲಿಫ್ಟ್

ಅಣ್ಣನ ಜಿಮ್ಮಿನಲ್ಲಿ ಹನ್ನೊಂದು ಕನ್ನಡಿಗಳಿವೆ. ಡೆಡ್‌ಲಿಫ್ಟಿಗೆ ಬೇಕಾದ ಉದ್ದನೆಯ ಕಬ್ಬಿಣದ ಸರಳು ಇರುವುದು ಒಂದೇ, ಅದರ ಮೇಲೂ ಟವೆಲ್ ಒಣಗುತ್ತಿರುತ್ತದೆ. ಭಾರವನ್ನು ನೆಲದಿಂದ ಎತ್ತಿ, ನೆಟ್ಟಗೆ ನಿಂತು, ಮತ್ತೆ ನೆಲಕ್ಕಿಳಿಸುವ ಈ ವ್ಯಾಯಾಮ ಅಲ್ಲಿ ನಿಷಿದ್ಧ. ಹೊಸ ಟೈಲ್ಸ್ ಒಡೆಯುತ್ತವಂತೆ. ಜನರ ಸೊಂಟಕ್ಕಿಂತ ಟೈಲ್ಸಿನ ಮೇಲೆ ಹೆಚ್ಚು ಮಮತೆಯಿರುವ ವ್ಯಾಯಾಮದ ಮೇಷ್ಟ್ರನ್ನು ನಾನು ಬೇರೆಲ್ಲೂ ಕಂಡಿಲ್ಲ. ಬರುವವರೂ ಗುರುವಿಗೆ ತಕ್ಕ ಶಿಷ್ಯರೇ. ತೋಳು ಉಬ್ಬಿಸುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಮನೆಗೆ ಹೋಗುತ್ತಾರೆ. ಬೆನ್ನು ಕನ್ನಡಿಯಲ್ಲಿ ಕಾಣುವುದಿಲ್ಲವಲ್ಲ, ಅದರ ಗೋಜಿಗೆ ಯಾರೂ ಹೋಗುವುದಿಲ್ಲ.

ನಾನು ಹೇಳಹೊರಟಿದ್ದು ಅಕ್ಕನ ಕಥೆ. ಆದರೆ ಅಣ್ಣನನ್ನು ಬೈಯದೆ ಅದು ಶುರುವಾಗುವುದಿಲ್ಲ.

ಅಕ್ಕ ನಮ್ಮಿಬ್ಬರಿಗಿಂತ ದೊಡ್ಡವಳು, ವಯಸ್ಸು ನಲವತ್ತಾರು. ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಕೂರಿಸುತ್ತಾಳೆ. ಎಂಟು ತಾಸು ಮೆಷಿನ್ನಿನ ಮುಂದೆ ಬಗ್ಗಿ ಕೂತು ಬೆನ್ನು ಗೂನಾಗಿತ್ತು. ಅಮ್ಮನಿಗೆ ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿದ ಮೇಲೆ, ಬೆಳಿಗ್ಗೆ ಮಂಚದಿಂದ ಕುರ್ಚಿಗೆ, ಸಂಜೆ ಕುರ್ಚಿಯಿಂದ ಮಂಚಕ್ಕೆ ಎತ್ತಿ ಕೂರಿಸುವ ಕೆಲಸವೂ ಅವಳ ಪಾಲಿಗೇ ಬಂತು. ಅಮ್ಮನ ತೂಕ ಅರವತ್ತೆಂಟು ಕಿಲೊ. ನಾನು ಅದೇ ಮನೆಯಲ್ಲಿದ್ದೆ, ಡಿಸ್ಕ್ ಜಾರಿದೆ ಎಂದು ಹೇಳಿಕೊಂಡಿದ್ದೆ. ಯಾವ ಡಿಸ್ಕೂ ಜಾರಿರಲಿಲ್ಲ, ಜಾರಿಕೊಂಡವನು ನಾನು.

ಎರಡು ವರ್ಷಕ್ಕೆ ಅಕ್ಕನ ಸೊಂಟ ಹಿಡಿದುಕೊಂಡಿತು. ಒಂದು ಭಾನುವಾರ ಅವಳು ಏಳಲಾಗದೆ ಮಲಗಿದಾಗ ಅಣ್ಣನನ್ನು ಕರೆಸಿದೆವು. ತೋಳಿಲ್ಲದ ಬನಿಯನ್ನಿನಲ್ಲಿ ಮಹಾಶಯ ಬಂದ. ಕಾಲು ಸೆಟೆಸಿ, ಬೆನ್ನು ಬಗ್ಗಿಸಿ, ದೂರದಿಂದಲೇ ಬರೀ ತೋಳಿನಲ್ಲಿ ಅಮ್ಮನನ್ನು ಎತ್ತಹೋದ. ಬೆನ್ನು ಕಳಕ್ಕೆಂದಿತು. ಅಮ್ಮ ಮೆಲ್ಲಗೆ ಜಾರಿ ನೆಲಕ್ಕೆ ಬಂದಳು, ಅಣ್ಣನೂ ಅವಳ ಪಕ್ಕದಲ್ಲೇ ಉರುಳಿದ. "ಮಂಚದ ಎತ್ತರ ಸರಿ ಇಲ್ಲ," ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಪಕ್ಕದ ಮನೆಯವರು ಬಂದು ಇಬ್ಬರನ್ನೂ ಎಬ್ಬಿಸಿದರು, ಅಕ್ಕ ಏಳುವವರೆಗೂ ಅಮ್ಮನನ್ನು ಎತ್ತಿ ಕೂರಿಸಿದವರೂ ಅವರೇ. ವಾರ ಬಿಟ್ಟು ಅಣ್ಣ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಬಂದು ತೀರ್ಪು ಕೊಟ್ಟ.

"ಅಮ್ಮನ್ನ ಆರೈಕೆ ಕೇಂದ್ರಕ್ಕೆ ಸೇರಿಸೋಣ. ನಾಲ್ಕು ತಿಂಗಳಲ್ಲಿ ಒಂದು ಹಾಸಿಗೆ ಖಾಲಿ ಆಗುತ್ತಂತೆ. ಹೆಸರು ಬರೆಸಿದೀನಿ."

ಅಮ್ಮ ಎದುರಿಗೇ ಕೂತಿದ್ದಳು. "ನಾನು ಹೋಗಲ್ಲ," ಅಂದಳು. ಅವಳ ಮಾತು ತೊದಲುತ್ತದೆ. ಅದನ್ನೇ ನೆಪ ಮಾಡಿಕೊಂಡು ಅಣ್ಣ ಕೇಳಿಸದವನಂತೆ ಇದ್ದುಬಿಟ್ಟ. ನಾನು ಎದ್ದು ಟೀ ಕುಡಿಯಲು ಹೊರಗೆ ಹೋದೆ.

ಸೊಂಟ ಸ್ವಲ್ಪ ಸಡಿಲವಾದ ಮೇಲೆ ಅಕ್ಕ ಜಿಮ್ಮಿಗೆ ಹೋಗಿ, ನೆಲದಿಂದ ಎತ್ತುವುದನ್ನು ಕಲಿಸು ಎಂದಳು. ಅಣ್ಣ ಅವಳ ಕೈಗೆ ಗುಲಾಬಿ ಬಣ್ಣದ ಎರಡು ಕಿಲೊ ಡಂಬೆಲ್ ಇಟ್ಟ. "ನಿನ್ನ ವಯಸ್ಸಿಗೆ ಇದು ಸಾಕು ಅಕ್ಕ." ಅಲ್ಲಿ ಬಾಗಿಲು ಕಾಯುವ ಮುದುಕ ಗೋದಾಮಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವನು. ಅವನಿಗೆ ನಗು ತಡೆಯಲಾಗಲಿಲ್ಲ.

"ಬೆಳಿಗ್ಗೆ ಆರಕ್ಕೆ ಬನ್ನಿ ತಾಯಿ. ಸರಳು ಹಿತ್ತಲಿಗೆ ತರ್ತೀನಿ. ಅಲ್ಲಿ ಮಣ್ಣು, ಯಾರ ಟೈಲ್ಸೂ ಇಲ್ಲ."

ನಾನು ತಮಾಷೆ ನೋಡಲು ಜೊತೆಗೆ ಹೋದೆ. ಮುದುಕ ಮೊದಲ ವಾರ ಬರೀ ಸರಳನ್ನೇ ಎತ್ತಿಸಿದ. "ಕಾಲಿಗೆ ತಾಗೋ ಹಾಗೆ ಇಟ್ಕೊಳ್ಳಿ. ಭಾರ ದೂರ ಹೋದಷ್ಟೂ ಸೊಂಟಕ್ಕೇ ಏಟು. ಕುಂಡೆ ಹಿಂದಕ್ಕೆ, ಬೆನ್ನು ಹಲಗೆ ಥರ. ಕೈ ಬರೀ ಕೊಕ್ಕೆ ತಾಯಿ, ಎತ್ತೋದು ಕಾಲು. ನೆಲಾನ ಕೆಳಕ್ಕೆ ತುಳೀರಿ, ಭಾರ ತಾನಾಗೇ ಬರುತ್ತೆ." ನಾಲ್ಕು ಮಾತಿನಲ್ಲಿ ಮುಗಿದ ಈ ವಿದ್ಯೆಯನ್ನು ಅಣ್ಣ ಹನ್ನೊಂದು ಕನ್ನಡಿಗಳ ನಡುವೆ ಹತ್ತು ವರ್ಷ ನಿಂತರೂ ಕಲಿತಿರಲಿಲ್ಲ.

ವಾರಕ್ಕೆ ಮೂರು ದಿನ, ಕಾರ್ಖಾನೆಗೆ ಹೋಗುವ ಮುಂಚೆ. ಎರಡನೇ ತಿಂಗಳಿಗೆ ಅಕ್ಕನ ಸೊಂಟನೋವಿನ ಮುಲಾಮು ಟ್ಯೂಬಿನಲ್ಲೇ ಒಣಗಿತು. ಮೆಷಿನ್ನಿನ ಮುಂದೆ ನೆಟ್ಟಗೆ ಕೂರತೊಡಗಿದಳು. ಕಂಬಿ ಹಿಡಿಯದೆ ಮೂರು ಮಹಡಿ ಹತ್ತುತ್ತಿದ್ದಳು. ನಾನು ತಿಣುಕಿ ಕೈಬಿಟ್ಟ ಡಬ್ಬದ ಮುಚ್ಚಳವನ್ನು ಮಾತಾಡುತ್ತಲೇ ತಿರುಗಿಸಿ ಕೊಟ್ಟಳು. ನಾಲ್ಕನೇ ತಿಂಗಳಲ್ಲಿ ಎಪ್ಪತ್ತೈದು ಕಿಲೊ ಎತ್ತಿದಳು. ತಮಾಷೆ ನೋಡಲು ಹೋಗಿದ್ದ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಆರೈಕೆ ಕೇಂದ್ರದ ವ್ಯಾನು ಹೇಳಿದ ದಿನಕ್ಕೇ ಬಂತು. ಇಬ್ಬರು ಗಟ್ಟಿಮುಟ್ಟಾದ ಆಳುಗಳು ಸ್ಟ್ರೆಚರ್ ಹಿಡಿದು ಒಳಗೆ ಬಂದರು, ಹಿಂದೆ ಅಣ್ಣ. ಮಂಚದ ಮೇಲಿದ್ದ ಅಮ್ಮ ಸರಿಯಿದ್ದ ಕೈಯಿಂದ ಹೊದಿಕೆಯನ್ನು ಬಿಗಿಯಾಗಿ ಹಿಡಿದಿದ್ದಳು.

"ಒಂದು ನಿಮಿಷ ನಿಲ್ಲಿ," ಅಂದಳು ಅಕ್ಕ.

ಅಮ್ಮನನ್ನು ಮಂಚದ ಅಂಚಿಗೆ ಕೂರಿಸಿ, ಎದೆಗೆ ಎದೆ ಸೇರಿಸಿ ತಬ್ಬಿಕೊಂಡಳು. ಕುಂಡೆ ಹಿಂದಕ್ಕೆ ಹೋಯಿತು, ಬೆನ್ನು ಹಲಗೆಯಾಯಿತು. ಎದ್ದು ನಿಂತಳು. ಹೆಜ್ಜೆ ತಿರುಗಿಸಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದಳು. ಉಸಿರು ಕೂಡ ಏರಲಿಲ್ಲ.

"ಒಂದು ದಿನ ಎತ್ತಿಬಿಟ್ರೆ ಆಯ್ತಾ? ದಿನಾ ಯಾರು ಎತ್ತೋರು?" ಅಂದ ಅಣ್ಣ.

"ಇಷ್ಟು ದಿನ ಯಾರು ಎತ್ತಿದ್ರು ಅಂದ್ಕೊಂಡಿದ್ದೆ?"

ಆಳುಗಳು ಮುಖ ಮುಖ ನೋಡಿಕೊಂಡು ಖಾಲಿ ಸ್ಟ್ರೆಚರ್ ಹೊತ್ತು ಹೊರಟರು. ಅಮ್ಮ ಬಾಗಿಲ ಬಳಿ ನಿಂತಿದ್ದ ಅಣ್ಣನನ್ನೂ ಗೋಡೆಗೊರಗಿದ್ದ ನನ್ನನ್ನೂ ನೋಡಿದಳು. ಆಮೇಲೆ ಅಕ್ಕನ ಕಡೆ ತಿರುಗಿ, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು:

"ಇವರಿಬ್ಬರನ್ನೂ ನಾಲ್ಕು ವರ್ಷ ಆಗೋವರೆಗೂ ಸೊಂಟದ ಮೇಲೆ ಎತ್ಕೊಂಡೇ ತಿರುಗಿದೀನಿ ಕಣೆ. ಕೆಳಗೆ ಇಳಿಸಿದ್ರೆ ಅಳ್ತಿದ್ರು."