ಯಾರದೋ ಕಫ

ಕಫ ಎಂದರೆ ಜನ ಮುಖ ಕಿವುಚುತ್ತಾರೆ. ಇಷ್ಟು ವರ್ಷ ನನಗೆ ಅನ್ನ ಹಾಕಿದ್ದೇ ಅದು. ನಾನು ಕ್ಷಯರೋಗ ವಿಭಾಗದ ಆರೋಗ್ಯ ಕಾರ್ಯಕರ್ತೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಬಸ್ಸಿನಲ್ಲಿ ಓಡಾಡಿದವಳು. ಈ ಸುತ್ತಿನಲ್ಲಿ ಒಂದು ಸಣ್ಣ ಜೈಲೂ ಇತ್ತು. ಯಾವ ಊರಿನದು ಎಂದು ಹೇಳುವುದಿಲ್ಲ, ಕೇಳಲೂಬೇಡಿ.

ಕೊರೊನಾ ಹೋದ ಮೇಲೂ ಆ ಜೈಲಿನಲ್ಲಿ ಮಾಸ್ಕ್ ಉಳಿದಿತ್ತು, ಗದ್ದದ ಮೇಲೆ. ಮೀಸೆ ಬಂದಾಗಿನಿಂದ ಕವಳ ಹಾಕಿ ಕಂಡಲ್ಲಿ ಉಗಿದ ಗಂಡಸರು ಅವರು. ಒಳಗೆ ಎಲೆ ಅಡಿಕೆ ಸಿಗದಿದ್ದರೂ ಉಗಿಯುವ ಚಟ ಮಾತ್ರ ಬಿಟ್ಟಿರಲಿಲ್ಲ. ಮೈಗೆ ಮೈ ತಾಗಿಸಿ ಮಲಗುವ ಕಡೆ ಒಬ್ಬನಿಗೆ ಟಿಬಿ ಇದ್ದರೂ ಸಾಕು, ಎಲ್ಲರಿಗೂ ಹಂಚುತ್ತಾನೆ. ಅದಕ್ಕೇ ಕೆಮ್ಮು ಬಿಡದವರಿಗೆ ಹಿಂದಿನ ಸಂಜೆಯೇ ಹೆಸರು ಬರೆದ ಡಬ್ಬಿ ಕೊಟ್ಟು ಬರುತ್ತಿದ್ದೆ. ಬೆಳಿಗ್ಗೆ ಎದ್ದವರೇ ಎದೆಯಾಳದಿಂದ ಕೆಮ್ಮಿ ಅದರಲ್ಲಿ ಉಗಿಯಬೇಕು. ಬರೀ ಎಂಜಲು ತುಂಬಿಸಿದರೆ ನಾನು ಬಿಡುತ್ತಿರಲಿಲ್ಲ. "ಇದೆಂತ ಕಫವಾ, ಗಂಜಿ ತಿಳಿಯಾ?" ಎಂದು ಡಬ್ಬಿಯನ್ನು ಅವರ ಮುಖದ ಮುಂದೆ ಹಿಡಿದು ಬೈಯುತ್ತಿದ್ದೆ. ನನ್ನ ಬಾಯಿಗೆ ವಾರ್ಡರುಗಳೂ ಹೆದರುತ್ತಿದ್ದರು.

ಅಲ್ಲಿ ಅಡುಗೆ ಮಾಡುತ್ತಿದ್ದವನೂ ಕೈದಿಯೇ, ತೀರ್ಥಹಳ್ಳಿ ಕಡೆಯ ನಡುವಯಸ್ಸಿನವನು. ಅವನ ಕೇಸು ಮುಗಿಯುವ ಲಕ್ಷಣ ಇರಲಿಲ್ಲ, ಜಾಮೀನು ನಿಲ್ಲುವವರೂ ಇರಲಿಲ್ಲ. ಅವನದು ಎಂದು ಉಳಿದಿದ್ದು ಆ ಒಲೆ, ಆ ಸೌಟು. ಕೆಮ್ಮು ಮಾತ್ರ ವಿಪರೀತ. "ಒಗ್ಗರಣೆ ಘಾಟು ಸಿಸ್ಟ್ರೆ, ಮತ್ತೆಂತ ಇಲ್ಲ" ಎನ್ನುತ್ತಿದ್ದ. ನಾನು ಕೇಳಲಿಲ್ಲ, ಡಬ್ಬಿ ಕೊಟ್ಟೆ. ಮರುದಿನ ಒಳ್ಳೆಯ ಗಟ್ಟಿ ಕಫ ಬಂತು. ಪರೀಕ್ಷೆಯಲ್ಲಿ ಟಿಬಿ ಇದೆ ಎಂದಾಯಿತು. ಅವನನ್ನು ಅಡುಗೆಮನೆಯಿಂದ ಬಿಡಿಸಿ ಮೂಲೆಯ ಒಂಟಿ ಕೋಣೆಗೆ ಹಾಕಿದರು. ಸೌಟು ಬೇರೆಯವನ ಕೈಗೆ ಹೋಯಿತು.

ನಾನು ಮಾತ್ರೆ ತೆಗೆದುಕೊಂಡು ಹೋದೆ. ಎದುರಿಗೇ ನುಂಗಿಸಬೇಕು. ಅವನು ಮಾತ್ರೆಗಳನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೂತ.

"ಬೇಗ ನುಂಗಿ. ನಂಗೆ ಬಸ್ಸಿದೆ."

"ನುಂಗದೇನೂ ದೊಡ್ಡದಲ್ಲ ಸಿಸ್ಟ್ರೆ. ಆದ್ರೆ ಆ ಕಫ ನಂದಲ್ಲ. ಡ್ರೈವರಂದು."

ಡ್ರೈವರ್ ಎಂದರೆ ಹೊಸನಗರದ ಕಡೆ ಪಿಕಪ್ ಓಡಿಸುತ್ತಿದ್ದ ಹುಡುಗ, ಇವನ ಪಕ್ಕದಲ್ಲೇ ಮಲಗುತ್ತಿದ್ದವನು. ಕಲ್ಲುಗುಂಡಿನಂಥ ಆಳು. ಕೆಮ್ಮಿಲ್ಲ, ಬೆಳಿಗ್ಗೆ ಸ್ವಲ್ಪ ಕಫ ಬರುತ್ತಿತ್ತಂತೆ, ಶೀತ ಅಂದುಕೊಂಡಿದ್ದ. ಒಲೆ ಕೈ ತಪ್ಪುತ್ತದೆಂಬ ಹೆದರಿಕೆಗೆ ಅಡುಗೆಯವನು ಡಬ್ಬಿಯನ್ನು ಅವನ ಮುಂದೆ ಹಿಡಿದಿದ್ದ. ಎಂಜಲು ಕೊಟ್ಟರೆ ನಾನು ಬೈಯುತ್ತೇನಲ್ಲ, ಗಟ್ಟಿಮುಟ್ಟಾದವನ ಗಟ್ಟಿ ಕಫವೇ ಇರಲಿ ಎಂದು! ಎಂಥ ಬುದ್ಧಿವಂತಿಕೆ ನೋಡಿ.

ಡ್ರೈವರನ ಹೆಂಡತಿಗೆ ಹೆರಿಗೆಯಾಗಿದ್ದು ಅವನು ಒಳಗೆ ಬಂದ ಮೇಲೆ. ಹೆಣ್ಣುಮಗು. ಅವನು ಇನ್ನೂ ಮುಖ ನೋಡಿರಲಿಲ್ಲ. ಜಾಮೀನು ಮಂಜೂರಾಗಿತ್ತು, ಜಾಮೀನುದಾರರ ಕಾಗದ ಬರುವುದಷ್ಟೇ ಬಾಕಿ. ವಿಷಯ ಗೊತ್ತಾದದ್ದೇ ಒಂಟಿ ಕೋಣೆಯ ಸರಳಿನ ಹತ್ತಿರ ಬಂದು, "ಅಣ್ಣಾ, ಬಾಯಿ ಬಿಡಬ್ಯಾಡ. ಗೊತ್ತಾದ್ರೆ ನನ್ನನ್ನ ಬಿಡಲ್ಲ" ಎಂದು ಕೈ ಮುಗಿದಿದ್ದನಂತೆ.

"ಹೂಂ ಅಂದಿದ್ದೆ ಸಿಸ್ಟ್ರೆ" ಎಂದ ಅಡುಗೆಯವನು. "ಆದ್ರೆ ಮನೆಗೆ ಹೋದವ್ನು ಮೊದ್ಲು ಎಂತ ಮಾಡ್ತಾನೆ ಹೇಳಿ? ಕೂಸನ್ನ ಎತ್ಕಂಡು ಮುದ್ದು ಮಾಡ್ತಾನೆ."

ನನಗೆ ಮೈಯೆಲ್ಲ ಉರಿಯಿತು. "ನಿಮ್ಮಿಬ್ಬರ ತಲೇಲಿ ಇರೋದು ಮಿದುಳಾ, ಸಗಣಿಯಾ?" ಎಂದು ಕೂಗಾಡಿದೆ. ಮರುದಿನ ಬೆಳಿಗ್ಗೆ ಇಬ್ಬರನ್ನೂ ಅಂಗಳದಲ್ಲಿ ದೂರ ದೂರ ನಿಲ್ಲಿಸಿ, ನನ್ನ ಕಣ್ಣೆದುರೇ ಕಫ ಉಗಿಸಿದೆ. ಅಡುಗೆಯವನಿಗೆ ಏನೂ ಇರಲಿಲ್ಲ. ಅದು ನಿಜಕ್ಕೂ ಒಗ್ಗರಣೆ ಘಾಟೇ. ಡ್ರೈವರನಿಗೆ ಇತ್ತು.

"ಬೇಲ್ ನಿಲ್ಲಿಸೋಕೆ ನಾನ್ಯಾರು ಮಾರಾಯ? ಮನೆಗೇ ಬಂದು ಮಾತ್ರೆ ಕೊಡ್ತೀನಿ" ಎಂದೆ. ಅದು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಕಾಗದ ಬಂದ ದಿನ ಮಾಸ್ಕ್ ಹಾಕಿಕೊಂಡು, ಮಾತ್ರೆ ಪೊಟ್ಟಣ ಹಿಡಿದು ಹೊರಗೆ ಹೋದ. ಮತ್ತೆ ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಡುಗೆಯವನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಡ್ರೈವರನ ಮನೆಗೆ ಹೋಗುತ್ತಾ ಬಂದೆ. ಹೆಂಡತಿಯನ್ನೂ ಮಗುವನ್ನೂ ಪರೀಕ್ಷೆ ಮಾಡಿಸಿದೆವು. ಇಬ್ಬರಿಗೂ ತಗುಲಿರಲಿಲ್ಲ. ಮಗುವಿಗೆ ಮುಂಜಾಗ್ರತೆಯ ಔಷಧಿ ಶುರು ಮಾಡಿದೆವು. ಅವನಿಗೆ ಜಗಲಿ ಪಕ್ಕದ ಕೋಣೆ. ಹೆಂಡತಿ ಮಗುವನ್ನು ಅಂಗಳದ ಆಚೆ ತುದಿಯಲ್ಲಿ ಎತ್ತಿ ತೋರಿಸುತ್ತಿದ್ದಳು. "ಇದಕ್ಕಿಂತ ಜೈಲೇ ವಾಸಿ ಸಿಸ್ಟ್ರೆ, ಅಲ್ಲಿ ಕಾಣ್ತಾ ಇರ್ಲಿಲ್ಲ" ಎಂದ ಒಂದು ದಿನ. ನನಗೆ ಪಾಪ ಅನ್ನಿಸಿತು. ಆದರೂ, ಮಾಸ್ಕ್ ಮೂಗಿನ ಮೇಲೆ ಏರಿಸಿಕೋ ಎಂದೆ.

ಜೈಲಿಗೆ ಹೋದಾಗಲೆಲ್ಲ ಅಡುಗೆಯವನು "ಕೂಸು ಹೆಂಗದೆ?" ಎಂದು ಕೇಳುತ್ತಿದ್ದ. ಡ್ರೈವರನ ಬಗ್ಗೆ ಕೇಳುತ್ತಿರಲಿಲ್ಲ.

ಕೊನೆಗೆ ಡ್ರೈವರನ ಕಫ ಶುದ್ಧವಾಯಿತು. ಇನ್ನು ಮಗುವನ್ನು ಎತ್ತಿಕೊಳ್ಳಬಹುದು ಎಂದು ನಾನೇ ಹೋಗಿ ಹೇಳಿದೆ. ಕೈಯನ್ನು ಬಟ್ಟೆಗೆ ಒರೆಸಿ ಒರೆಸಿ ಎತ್ತಿಕೊಂಡ. ಅಪ್ಪನ ಗುರುತೇ ಇಲ್ಲದ ಮಗು ಚಿಟ್ಟನೆ ಚೀರಿತು. ಅವನು ನಗುತ್ತಲೇ ಅತ್ತುಬಿಟ್ಟ.

"ಅಡುಗೆಯವರಿಗೆ ಎಂತಾರೂ ಹೇಳ್ಬೇಕಾ?" ಎಂದೆ.

ಚೀರುತ್ತಿದ್ದ ಮಗುವನ್ನು ಭುಜಕ್ಕೆ ಹಾಕಿಕೊಂಡ. "ಎತ್ಕಂಡೆ ಅಂತ ಹೇಳಿ."

ಹೇಳಿದೆ. ಅಡುಗೆಯವನು ಸಾರು ತಿರುವುತ್ತಿದ್ದ.

"ಅತ್ತಳಾ?"

"ಊರಿಗೆಲ್ಲ ಕೇಳೋ ಹಂಗೆ."

"ಹಂಗಾದ್ರೆ ಕೂಸಿನ ಎದೆ ಗಟ್ಟಿ ಅದೆ ಬಿಡಿ" ಎಂದ.